ಬಡಾವಣೆಯ ಸುಖ, ಊರಿನ ಋಣ

೧

ಮನುಷ್ಯನು ದುಡಿಯುವ ಸ್ಥಳವೂ ಮಲಗುವ ಸ್ಥಳವೂ ಬೇರೆಬೇರೆಯಾಗಿರುವುದು ಲೋಕದ ಇತಿಹಾಸದಲ್ಲಿ ಬಹಳ ಹಳೆಯ ಸಂಗತಿಯಲ್ಲ. ಒಕ್ಕಲಿಗನಿಗೆ ಹೊಲವು ಕೂಗಳತೆಯಲ್ಲಿತ್ತು. ನೇಕಾರನಿಗೆ ಮಗ್ಗವು ಮನೆಯೊಳಗೇ ಇತ್ತು. ಪೇಟೆಯ ವರ್ತಕನು ಕೆಳಗೆ ಅಂಗಡಿಯನ್ನಿಟ್ಟು ಮೇಲೆ ಸಂಸಾರವನ್ನಿಟ್ಟಿದ್ದನು. ದುಡಿಮೆ, ಜಗಳ, ಜಾತ್ರೆ, ಸಾಲ, ಸಾವು ಎಲ್ಲವೂ ಒಂದೇ ಎಲ್ಲೆಯೊಳಗೆ ನಡೆಯುತ್ತಿದ್ದುದರಿಂದ, ಊರಿಗೆ ತಾನು ಏನನ್ನು ಸಲ್ಲಿಸಬೇಕೆಂಬುದನ್ನು ಅಂಥವನು ಗ್ರಂಥ ನೋಡಿ ತಿಳಿಯಬೇಕಾಗಿರಲಿಲ್ಲ. ಸಲ್ಲಿಸದೆ ಹೋದರೆ ಮರುದಿನವೇ ಕೆರೆಯ ಏರಿಯ ಮೇಲೆ ನಾಲ್ಕು ಜನರು ತಡೆದು ಕೇಳುತ್ತಿದ್ದರು.

ಬೆಂಗಳೂರಿನಲ್ಲಿ ಈ ಏಕತ್ವವು ಸಡಿಲವಾಗತೊಡಗಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೨ರಲ್ಲಿ ನಗರದ ಪೂರ್ವಕ್ಕೆ ಆಂಗ್ಲೋ-ಇಂಡಿಯನ್ ಜನರಿಗಾಗಿ ವೈಟ್‌ಫೀಲ್ಡ್ ಎಂಬ ನೆಲೆಯೇರ್ಪಟ್ಟಿತು. ೧೮೯೮ರಲ್ಲಿ ಪ್ಲೇಗು ಬಂದು, ಪೇಟೆಯ ಕಿರುಗಲ್ಲಿಗಳಲ್ಲಿ ಜನರು ಸಾಯತೊಡಗಿದಾಗ, ಗಾಳಿ ಬೆಳಕುಗಳುಳ್ಳ ಮನೆಗಳು ಬೇಕೆಂಬ ತವಕವು ಹೆಚ್ಚಿ, ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುವು. ಪೇಟೆಯನ್ನು ಬಿಟ್ಟು ಬಂದ ಆ ಗೃಹಸ್ಥರನ್ನು ಯಾರೂ ದೂಷಿಸಲಾರರು. ತನ್ನ ಮಕ್ಕಳಿಗೆ ಶುದ್ಧವಾದ ಗಾಳಿಯನ್ನು ಬಯಸುವುದು ಅಪರಾಧವಲ್ಲ. ಆದರೂ ಅಂದು ಬಿಟ್ಟುಬರಲಾಗದೆ ಪೇಟೆಯಲ್ಲಿಯೇ ಉಳಿದವರೂ ಇದ್ದರು. ಬಿಟ್ಟುಬರಬಲ್ಲವನಿಗೂ ಉಳಿಯಬೇಕಾದವನಿಗೂ ನಡುವಣ ಸಂಬಂಧವೇನೆಂಬ ಪ್ರಶ್ನೆಯು ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ. ಅದೇ ಈ ಲೇಖನದ ವಿಷಯ.

೨

ಈ ಪ್ರಶ್ನೆಯನ್ನು ಹಿಡಿದು ನೋಡುವುದಕ್ಕೆ ನಗರದ ವಾಯವ್ಯದಲ್ಲಿ, ತುಮಕೂರು ರಸ್ತೆಯ ಮಗ್ಗುಲಲ್ಲಿರುವ ನಾಗಸಂದ್ರವು ತಕ್ಕ ಸ್ಥಳವಾಗಿದೆ. ಬೆಂಗಳೂರಿನ ಸುತ್ತ 'ಸಂದ್ರ'ವೆಂದು ಮುಗಿಯುವ ಊರ ಹೆಸರುಗಳು ಬಹಳ. ಆ ಶಬ್ದವು 'ಸಮುದ್ರ'ದಿಂದ ಬಂದುದೆಂದೂ ಕೆರೆಯನ್ನು ಸೂಚಿಸುವುದೆಂದೂ ವಿದ್ವಾಂಸರು ಹೇಳುವರು. ಹಾಗಾದರೆ ಊರಿನ ಹೆಸರಿನಲ್ಲಿಯೇ ನೀರಿನ ನೆನಪು ಅಡಗಿದೆಯೆನ್ನಬೇಕು. ೧೯೭೦ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶವು ತಲೆಯೆತ್ತಿತು. ಯಂತ್ರದ ಬಿಡಿಭಾಗ, ಲೋಹದ ಲೇಪ, ಸಿದ್ಧ ಉಡುಪು ಮುಂತಾದ ಸಾವಿರಾರು ಸಣ್ಣ ದೊಡ್ಡ ಕಾರ್ಖಾನೆಗಳು ಬಂದುವು. ಅವುಗಳಲ್ಲಿ ದುಡಿಯಲು ಬಂದವರು ದಾಸರಹಳ್ಳಿ, ಬಾಗಲಗುಂಟೆಗಳ ಓಣಿಗಳಲ್ಲಿ ಒಂದೆರಡು ಕೋಣೆಗಳ ಬಾಡಿಗೆಯ ಮನೆಗಳನ್ನು ಹಿಡಿದರು. ಇದು ಮೊದಲನೆಯ ನಾಗಸಂದ್ರ.

ಎರಡನೆಯ ನಾಗಸಂದ್ರವು ರೈಲಿನೊಡನೆ ಬಂದಿತು. ೨೦೧೫ರ ಮೇ ೧ರಂದು ನಮ್ಮ ಮೆಟ್ರೋದ ಹಸಿರು ಮಾರ್ಗವು ಇಲ್ಲಿಯವರೆಗೆ ಬಂದು, ೨೦೨೪ರ ನವೆಂಬರಿನಲ್ಲಿ ಮಾದಾವರಕ್ಕೆ ಮುಂದುವರಿಯುವವರೆಗೂ ಇದೇ ಕೊನೆಯ ನಿಲ್ದಾಣವಾಗಿತ್ತು. ಹೆದ್ದಾರಿಯ ಇಕ್ಕೆಲಗಳಲ್ಲಿ ಬಹು ಅಂತಸ್ತಿನ ಗೃಹಸಮುಚ್ಚಯಗಳು ಎದ್ದುವು. ೨೦೨೨ರ ಜೂನಿನಲ್ಲಿ ಸ್ವೀಡನ್ ದೇಶದ ಐಕಿಯಾ ಎಂಬ ಪೀಠೋಪಕರಣದ ಅಂಗಡಿಯು ನಿಲ್ದಾಣದ ಬಳಿಯಲ್ಲೇ ತೆರೆಯಿತು. ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವು ತೆರೆದ ಮೇಲಂತೂ, ನಾಗಸಂದ್ರದಲ್ಲಿ ಗಾಡಿಯೇರಿದವನು ಒಂದೇ ಕಡೆ ಇಳಿದು ಹತ್ತಿ ನಗರದ ಮತ್ತೊಂದು ತುದಿಯ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸೇರಬಹುದಾಗಿದೆ. ಹೀಗೆ ಗಣಕಯಂತ್ರದ ಉದ್ಯೋಗದವರಿಗೆ ಈ ಊರು ವಾಸಕ್ಕೆ ಅನುಕೂಲವಾಗಿ ಪರಿಣಮಿಸಿತು. ಅಂಥ ಸಮುಚ್ಚಯಗಳಲ್ಲಿ ಮಹಾದ್ವಾರವುಂಟು, ಕಾವಲುಗಾರನುಂಟು. ಒಳಗೆ ಉದ್ಯಾನ, ಈಜುಕೊಳ, ಆಟದ ಬಯಲು. ಬೆಳಿಗ್ಗೆ ಹೊರಟು ರಾತ್ರಿ ಮರಳುವವನಿಗೆ ದ್ವಾರದ ಹೊರಗಿನ ನಾಗಸಂದ್ರವೆಂದರೆ ರೈಲು ನಿಲ್ದಾಣಕ್ಕೆ ಹೋಗುವ ದಾರಿ, ಅಷ್ಟೆ.

ಈ ಎರಡು ನಾಗಸಂದ್ರಗಳು ಒಂದೇ ಅಂಚೆಯ ವಿಳಾಸದಲ್ಲಿವೆ. ಅವು ಒಂದೇ ಊರೇ ಎಂಬುದು ಮಾತ್ರ ಸಂದೇಹ.

೩

ಸಮುಚ್ಚಯದ ಗೃಹಸ್ಥನ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು. ಅವನ ವಾದವು ಹೀಗಿರುವುದು: 'ಈ ಮನೆಯನ್ನು ಪಿತ್ರಾರ್ಜಿತವಾಗಿ ಪಡೆದುದಿಲ್ಲ, ಯಾರಿಂದಲೂ ಕಿತ್ತುಕೊಂಡುದಿಲ್ಲ. ಓದು, ಪರೀಕ್ಷೆ, ಹಗಲಿರುಳಿನ ದುಡಿಮೆ, ಇಪ್ಪತ್ತು ವರ್ಷಗಳ ಸಾಲ ಇವುಗಳಿಂದ ಕೊಂಡುದು. ಸರ್ಕಾರಕ್ಕೆ ವರಮಾನದ ತೆರಿಗೆ, ಪಾಲಿಕೆಗೆ ಆಸ್ತಿಯ ತೆರಿಗೆ, ಸಂಘಕ್ಕೆ ನಿರ್ವಹಣೆಯ ವಂತಿಗೆ ತಪ್ಪದೆ ಸಲ್ಲುತ್ತಿವೆ. ಕೆಲಸದವಳಿಗೂ ಕಾವಲುಗಾರನಿಗೂ ಒಪ್ಪಿದ ಸಂಬಳವುಂಟು. ಎಲ್ಲಕ್ಕೂ ಬೆಲೆ ಕೊಟ್ಟಮೇಲೆ ಮತ್ತಾವ ಋಣವು ಉಳಿಯಿತು?'

ಈ ಮಾತನ್ನು ಸ್ವಾರ್ಥಿಯ ಹರಟೆಯೆಂದು ತಳ್ಳಿಹಾಕುವುದು ಅನ್ಯಾಯ. ಇದನ್ನಾಡುವವರಲ್ಲಿ ಅನೇಕರು ಸಣ್ಣ ಊರುಗಳ ಬಡ ಮನೆಗಳಿಂದ ಬಂದವರು; ತಂದೆತಾಯಿಗಳನ್ನು ಸಾಕುವವರು; ತಮ್ಮಂದಿರನ್ನು ಓದಿಸಿದವರು. ಇವರನ್ನು ಕಂಡು 'ಸುಖವೇ ಪಾಪ' ಎಂದು ಗದರುವ ಇನ್ನೊಂದು ಪಕ್ಷವುಂಟು. ಆ ಪಕ್ಷದಲ್ಲಿಯೂ ತಿರುಳು ಕಡಮೆ. ಒಬ್ಬನು ಸೆಖೆಯಲ್ಲಿ ನರಳಿದ ಮಾತ್ರಕ್ಕೆ ಮತ್ತೊಬ್ಬನಿಗೆ ತಂಗಾಳಿ ಬೀಸುವುದಿಲ್ಲ. ಗೃಹಸ್ಥಾಶ್ರಮವನ್ನು ಉಳಿದ ಆಶ್ರಮಗಳಿಗೆ ಆಧಾರವೆಂದು ಹಿರಿಯರು ಎಣಿಸಿದರೇ ಹೊರತು, ಗೃಹಸ್ಥನು ಗೃಹವನ್ನು ಕಟ್ಟಿದುದೇ ತಪ್ಪೆಂದು ಹೇಳಲಿಲ್ಲ.

ಆದುದರಿಂದ ವಿಚಾರಿಸತಕ್ಕುದು ಸುಖವು ಸರಿಯೋ ತಪ್ಪೋ ಎಂಬುದನ್ನಲ್ಲ. 'ಎಲ್ಲಕ್ಕೂ ಬೆಲೆ ಕೊಟ್ಟಿದೆ' ಎಂಬ ಆ ಒಂದು ವಾಕ್ಯವು ನಿಜವೋ ಅಲ್ಲವೋ ಎಂಬುದನ್ನು ಪರೀಕ್ಷಿಸಬೇಕು.

೪

ನೀರನ್ನೇ ತೆಗೆದುಕೊಳ್ಳಬಹುದು. ೧೮೯೪ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯವಾಯಿತು. ಅದು ನಾಗಸಂದ್ರಕ್ಕೆ ದೂರವಿಲ್ಲ. ೧೯೩೩ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಮತ್ತೊಂದು ಕಟ್ಟೆ ಬಂದಿತು. ನಗರವು ಬೆಳೆದಂತೆ ನದಿಯು ಬಡವಾಯಿತು. ೧೯೭೪ರಿಂದ ಕಾವೇರಿಯ ನೀರನ್ನು ಸುಮಾರು ೧೦೦ ಕಿಲೋಮೀಟರು ದೂರದಿಂದ ತಂದು, ಸುಮಾರು ೫೦೦ ಮೀಟರು ಮೇಲಕ್ಕೆ ಎತ್ತಿ, ಬೆಂಗಳೂರಿಗೆ ಕುಡಿಸಲಾಗುತ್ತಿದೆ. ಆ ನೀರು ಮುಟ್ಟದ ಅಂಚಿನ ಪ್ರದೇಶಗಳು ನೆಲದೊಳಗಿನ ನೀರನ್ನು ನಂಬಿದುವು. ಕೊಳವೆಬಾವಿಗಳು ಮುನ್ನೂರು ಅಡಿಯಿಂದ ಸಾವಿರ ಅಡಿಗೂ ಮಿಕ್ಕಿ ಇಳಿದುವು.

೨೦೨೪ರ ಬೇಸಗೆಯಲ್ಲಿ ಈ ಲೆಕ್ಕವು ಬಯಲಾಯಿತು. ನಗರದ ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿಹೋದುವೆಂದು ಸರ್ಕಾರವೇ ಹೇಳಿತು. ಮಾರ್ಚಿ ತಿಂಗಳಲ್ಲಿ ಕುಡಿಯುವ ನೀರಿನಿಂದ ವಾಹನವನ್ನು ತೊಳೆದವರಿಗೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಳಿಯು ಸಾರಿತು. ಟ್ಯಾಂಕರಿನವರು ಮನಬಂದಂತೆ ಕೇಳತೊಡಗಿದುದರಿಂದ ಜಿಲ್ಲಾಡಳಿತವು ದರವನ್ನು ಕಟ್ಟಬೇಕಾಯಿತು: ಐದು ಕಿಲೋಮೀಟರಿನೊಳಗೆ ೧೨,೦೦೦ ಲೀಟರಿನ ಟ್ಯಾಂಕರಿಗೆ ೧,೦೦೦ ರೂಪಾಯಿ.

ಇಲ್ಲಿ ಗೃಹಸ್ಥನು ಬೆಲೆ ಕೊಟ್ಟನೆಂಬುದು ನಿಜ. ಯಾರಿಗೆ ಕೊಟ್ಟನು? ಟ್ಯಾಂಕರಿನ ಒಡೆಯನಿಗೆ. ನೀರನ್ನು ಕಳೆದುಕೊಂಡವರು ಯಾರು? ಆ ಟ್ಯಾಂಕರು ತುಂಬಿದ ಬಾವಿಯ ನೆರೆಹೊರೆಯಲ್ಲಿ ಕಡಮೆ ಆಳದ ಬಾವಿಯನ್ನು ನಂಬಿದ್ದ ತೋಟದವನು, ಬೀದಿಯ ನಲ್ಲಿಯೆದುರು ಕೊಡವಿಟ್ಟು ಕುಳಿತ ಹೆಂಗಸು. ನೆಲದಡಿಯ ನೀರಿಗೆ ಸರ್ವೆಯ ಕಲ್ಲುಗಳಿಲ್ಲ. ಹೆಚ್ಚು ಆಳಕ್ಕೆ ಹೋದವನು ಎಲ್ಲರದನ್ನೂ ಎಳೆದುಕೊಳ್ಳುವನು. ಹಣವು ಒಬ್ಬನ ಕೈಗೆ ಹೋಯಿತು; ನಷ್ಟವು ಮತ್ತೊಬ್ಬನ ಪಾಲಿಗೆ ಬಂದಿತು. ಮಾರಿದವನೂ ಕಳೆದುಕೊಂಡವನೂ ಬೇರೆಬೇರೆಯಾಗಿರುವ ಕಡೆಯಲ್ಲಿ ರಸೀದಿಯು ಋಣಮುಕ್ತಿಯ ಪತ್ರವಾಗಲಾರದು. ಇದರಲ್ಲಿ ಗೃಹಸ್ಥನ ದುರುದ್ದೇಶವೇನೂ ಇಲ್ಲ. ಅವನು ಆ ಹೆಂಗಸನ್ನು ಕಂಡೇ ಇಲ್ಲ. ಆದರೆ ಕಾಣದಿದ್ದ ಮಾತ್ರಕ್ಕೆ ಬಾಕಿಯು ತೀರುವುದಿಲ್ಲ.

ನೆಲದ ಬೆಲೆಯ ವಿಷಯವೂ ಹೀಗೆಯೇ. ರೈಲು ಬಂದೊಡನೆ ನಿಲ್ದಾಣದ ಸುತ್ತಣ ಮನೆಗಳ ಬೆಲೆಯೇರುವುದು ಎಲ್ಲರೂ ಬಲ್ಲ ಸಂಗತಿ. ರೈಲನ್ನು ಕಟ್ಟಿದ ಹಣವು ಸಮಸ್ತ ಪ್ರಜೆಗಳದು. ಕಂಬವನ್ನು ನೆಟ್ಟ ಕೈಗಳು ದೂರದ ಪ್ರಾಂತಗಳ ಕೂಲಿಗಳವು. ಏರಿದ ಬೆಲೆಯು ಮಾತ್ರ ಮನೆಯುಳ್ಳವನ ಗಂಟು. ಮನೆಯಿಲ್ಲದವನಿಗೆ ಅದೇ ರೈಲು ಬಾಡಿಗೆಯ ಏರಿಕೆಯಾಗಿ ಬಂದು, ಇನ್ನೂ ಎರಡು ಮೈಲಿ ಆಚೆಗೆ ತಳ್ಳುವುದು. ಬೆಂಗಳೂರಿಗೆ ಪ್ಲೇಗು ಬಂದ ೧೮೯೮ರಲ್ಲಿಯೇ ಇಂಗ್ಲೆಂಡಿನಲ್ಲಿ ಎಬನೀಜರ್ ಹೊವರ್ಡನೆಂಬಾತನು 'ಉದ್ಯಾನನಗರ'ದ ಕಲ್ಪನೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಉದ್ಯಾನವೆಂಬ ಮಾತನ್ನು ಲೋಕವು ಹಿಡಿದುಕೊಂಡಿತು. ಆತನು ಅದಕ್ಕಿಂತ ಮುಖ್ಯವೆಂದೆಣಿಸಿದ ಮಾತನ್ನು, ಎಂದರೆ ನೆಲವು ಸಮುದಾಯದ ಪರವಾಗಿ ನಿಕ್ಷೇಪದಂತಿರಬೇಕು, ಊರು ಬೆಳೆದುದರಿಂದ ಏರಿದ ಬೆಲೆಯು ಊರಿಗೇ ಸಲ್ಲಬೇಕು ಎಂಬುದನ್ನು, ಬಹುಪಾಲು ಕಡೆಗಳಲ್ಲಿ ಮರೆಯಿತು. ದುಡಿದು ಗಳಿಸಿದ ಹಣದಿಂದ ಮನೆಯನ್ನು ಕೊಂಡ ಗೃಹಸ್ಥನಲ್ಲಿಯೂ, ಹೀಗೆ ಅವನು ದುಡಿಯದೆ ಬಂದ ಒಂದು ಪಾಲು ಉಂಟೆಂಬುದನ್ನು ಅವನೂ ಒಪ್ಪಬೇಕಾಗುವುದು.

೫

ಇನ್ನು ತೆರಿಗೆಯ ವಿಷಯ. 'ಊರ ಹಿತವು ಸರ್ಕಾರದ ಕೆಲಸ. ಅದಕ್ಕೇ ತೆರಿಗೆ ಕೊಡುವುದು' ಎಂಬುದು ಗಟ್ಟಿಯಾದ ಆಕ್ಷೇಪ. ಆದರೆ ಸರ್ಕಾರದ ಕೈಯು ಎಲ್ಲಿ ಕೂಗು ಕೇಳುವುದೋ ಅತ್ತ ಚಾಚುವುದು ಸ್ವಭಾವ. ೨೦೦೭ರಲ್ಲಿ ದಾಸರಹಳ್ಳಿಯೂ ಸೇರಿದಂತೆ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಆ ೧೧೦ ಹಳ್ಳಿಗಳಿಗೆ ನೀರೊದಗಿಸಲೆಂದು ಯೋಜಿಸಿದ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದುದು ೨೦೨೪ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷಗಳು. ಅಷ್ಟು ಕಾಲ ಆ ಹಳ್ಳಿಗಳ ನೆಲದ ಮೇಲೆ ಬಡವರಷ್ಟೇ ಇರಲಿಲ್ಲ. ವಿದ್ಯಾವಂತರೂ ಧನವಂತರೂ ಇದ್ದರು. ಅರ್ಜಿ ಬರೆಯಬಲ್ಲವರು, ಕಾನೂನು ಬಲ್ಲವರು, ಪತ್ರಿಕೆಗಳಲ್ಲಿ ತಮ್ಮ ಮಾತನ್ನು ಕೇಳಿಸಬಲ್ಲವರು ಇದ್ದರು.

ವಿಳಂಬಕ್ಕೆ ಕಾರಣಗಳು ಅನೇಕವಿರಬಹುದು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಪರಿಶೀಲಿಸಬೇಕಾಗಿದೆ. ನೀರಿಲ್ಲವೆಂದರೆ ಟ್ಯಾಂಕರನ್ನು ಕರೆಸಬಹುದು. ವಿದ್ಯುತ್ತು ಹೋದರೆ ಸ್ವಂತ ಜನರೇಟರು. ಸರ್ಕಾರಿ ಶಾಲೆಯು ಸಾಲದಿದ್ದರೆ ಖಾಸಗಿ ಶಾಲೆ. ರಸ್ತೆಯಲ್ಲಿ ಭಯವೆನಿಸಿದರೆ ಕಾವಲುಗಾರ. ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನದ ಕಾರ್ಖಾನೆಗಳಿಂದ ಕ್ರೋಮಿಯಮ್ಮಿನ ವಿಷವು ಬೆರೆತಿರುವುದನ್ನು ಪರೀಕ್ಷೆಗಳು ತೋರಿಸಿದರೆ, ಮನೆಯ ಗೋಡೆಗೆ ಒಂದು ಶೋಧಕಯಂತ್ರ. ಹೀಗೆ ಸಾರ್ವಜನಿಕವಾದ ಒಂದೊಂದು ಕೊರತೆಗೂ ಖಾಸಗಿಯಾದ ಒಂದೊಂದು ಪರಿಹಾರವನ್ನು ಕೊಂಡುಕೊಳ್ಳುವವನು, ತನಗರಿಯದಂತೆಯೇ, ದೂರುವವರ ಸಾಲಿನಿಂದ ಹಿಂದೆ ಸರಿಯುತ್ತಾನೆ. ಆ ಸಾಲಿನಲ್ಲಿ ಕೊನೆಗೆ ಉಳಿಯುವವರು ಯಾರ ಕೂಗು ವಿಧಾನಸೌಧಕ್ಕೆ ಕೇಳಿಸಲಾರದೋ ಅವರು. ಧನವಂತನು ಬಡವನಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಆದರೆ ಬಡವನಿಗೆ ದೊರೆಯಬಹುದಾಗಿದ್ದ ಒಬ್ಬ ಸಮರ್ಥ ಸಂಗಡಿಗನನ್ನು ಇಲ್ಲವಾಗಿಸಿದನು. ತೆರಿಗೆಯಿಂದ ಹಣವು ಸಂದಿತು. ನಾಗರಿಕನು ಸಲ್ಲಲಿಲ್ಲ.

ಇದಕ್ಕೆ ಮತ್ತೊಂದು ನಿದರ್ಶನವುಂಟು. ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷಗಳು ಕಳೆದು, ೨೦೨೫ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯು ನಡೆಯಲಿಲ್ಲ. ಬೀದಿಯ ದೀಪಕ್ಕೂ ಚರಂಡಿಗೂ ವಾರ್ಡಿನ ಸದಸ್ಯನ ಮನೆಬಾಗಿಲನ್ನೇ ಕಾಯಬೇಕಾದವನಿಗೆ ಇದು ದೊಡ್ಡ ನಷ್ಟ. ದೀಪ, ಚರಂಡಿ, ಕಸ ಮೂರನ್ನೂ ಸಮುಚ್ಚಯದ ಸಂಘವೇ ನೋಡಿಕೊಳ್ಳುವ ಮನೆಯಲ್ಲಿ ಆ ಐದು ವರ್ಷಗಳು ಸದ್ದಿಲ್ಲದೆ ಕಳೆದುಹೋಗಬಹುದು. ಪ್ರಜಾಪ್ರಭುತ್ವದ ಒಂದು ಅಂಗವು ಕೆಲಸ ನಿಲ್ಲಿಸಿದರೂ ವಿದ್ಯಾವಂತರ ಮನೆಗೆ ಅದರ ಅರಿವೇ ಆಗದಿರುವಂತಹ ಸೌಕರ್ಯವು ಭಾಗ್ಯವೇ ಎಂದು ಕೇಳಿಕೊಳ್ಳಬೇಕಾಗಿದೆ.

೬

ಇವೆಲ್ಲಕ್ಕಿಂತ ಸೂಕ್ಷ್ಮವಾದ ನಷ್ಟವೊಂದುಂಟು. ಅದು ಗೃಹಸ್ಥನ ಕಣ್ಣಿಗೇ ಆಗುವುದು. ತನ್ನಂಥವರನ್ನೇ ಕಾಣುತ್ತ ಬಾಳುವವನಿಗೆ ಇತರರು ಮೊದಲು ಅಪರಿಚಿತರಾಗಿಯೂ, ಬಳಿಕ ಅಸಂಗತರಾಗಿಯೂ, ಕೊನೆಗೆ ಅಪಾಯಕರರಾಗಿಯೂ ತೋರತೊಡಗುವರು. ಕೆಲವು ಸಮುಚ್ಚಯಗಳಲ್ಲಿ ಮನೆಗೆಲಸದವರಿಗೆ ಬೇರೆಯ ಲಿಫ್ಟನ್ನು ಗೊತ್ತುಮಾಡಿರುವುದುಂಟು. ಅನ್ನವನ್ನು ಬೇಯಿಸುವ, ಮಗುವನ್ನು ಎತ್ತಿಕೊಳ್ಳುವ ಕೈಯನ್ನು ಮನೆಯೊಳಗೆ ಒಪ್ಪಿ, ಲಿಫ್ಟಿನಲ್ಲಿ ಒಪ್ಪದಿರುವುದಕ್ಕೆ ತರ್ಕವೇನೆಂದು ಕೇಳಿದರೆ ಉತ್ತರವು ದೊರೆಯದು. ತಲೆತಲಾಂತರದ ಒಂದು ರೋಗವು ಹೊಸ ಬಟ್ಟೆಯುಟ್ಟು ಬಂದಿದೆಯೆನ್ನದೆ ಬೇರೆ ದಾರಿಯಿಲ್ಲ.

೨೦೨೪ರ ಫೆಬ್ರವರಿಯಲ್ಲಿ ನಾಗಸಂದ್ರದವರು ದಿನವೂ ಓಡಾಡುವ ಇದೇ ಹಸಿರು ಮಾರ್ಗದ ರಾಜಾಜಿನಗರ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟನ್ನು ಹೊತ್ತು ಬಂದ ರೈತನೊಬ್ಬನನ್ನು, ಟಿಕೇಟಿದ್ದರೂ, ಬಟ್ಟೆಯು ಕೊಳೆಯಾಗಿದೆಯೆಂದು ತಡೆದ ಪ್ರಸಂಗವು ನಡೆಯಿತು. ಸಹಪ್ರಯಾಣಿಕರು ಪ್ರತಿಭಟಿಸಿದರು. ಸುದ್ದಿಯು ನಾಡಿನಲ್ಲೆಲ್ಲ ಹರಡಿತು. ತಡೆದ ಕಾವಲಿನ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಅಲ್ಲಿಗೆ ನ್ಯಾಯವಾಯಿತೆಂದು ಎಲ್ಲರೂ ಸಮಾಧಾನಗೊಂಡರು.

ಸ್ವಲ್ಪ ನಿಧಾನಿಸಿ ನೋಡಿದರೆ ಸಮಾಧಾನವು ಅಷ್ಟು ಸುಲಭವಲ್ಲ. ತಡೆದವನು ಸಂಬಳಕ್ಕಾಗಿ ಕಾವಲು ಕಾಯುವ ಒಬ್ಬ ನೌಕರ. ಕೊಳೆಯಾದ ಬಟ್ಟೆಯವನನ್ನು ಒಳಕ್ಕೆ ಬಿಡಬಾರದೆಂಬ ನಿಯಮವು ರೈಲಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆದರೂ ಅಂಥ ನಿಯಮವಿದೆಯೆಂದು ಅವನು ನಂಬಿದನು. ಎಲ್ಲಿಂದ ಕಲಿತನು? ಇಸ್ತ್ರಿಯ ಬಟ್ಟೆಯವರಿಗೆ ಏನು ಹಿತವೋ ಏನು ಅಹಿತವೋ ಎಂಬುದನ್ನು ಅವರ ಮುಖಗಳಿಂದಲೇ ಓದಿಕೊಂಡು, ಅವರು ಬಾಯಿಬಿಟ್ಟು ಹೇಳದ ಆಜ್ಞೆಯನ್ನು ನಡೆಸಿಕೊಟ್ಟನೆಂದು ತೋರುವುದು. ಅವನು ಮಾಡಿದುದು ತಪ್ಪೇ ಸರಿ. ಶಿಕ್ಷೆಯು ಅವನೊಬ್ಬನಿಗಾಯಿತು. ಆ ಆಜ್ಞೆಯನ್ನು ಮೌನದಿಂದ ಹೊರಡಿಸಿದವರು ಎಂದಿನಂತೆ ಗಾಡಿಯೇರಿ ಕೆಲಸಕ್ಕೆ ಹೋದರು. ಆದರೆ ಅದೇ ಸ್ಥಳದಲ್ಲಿ ನಿಂತು, ತಮ್ಮ ಗಾಡಿ ತಪ್ಪೀತೆಂದು ಎಣಿಸದೆ ವಾದಿಸಿದ ಪ್ರಯಾಣಿಕರೂ ಇದ್ದರೆಂಬುದನ್ನು ಮರೆಯಬಾರದು. ಸುಖವು ಕಣ್ಣನ್ನು ಕೆಡಿಸಿಯೇ ತೀರುವುದೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಅವರೇ ಸಾಕ್ಷಿ.

೭

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಕನ್ನಡನಾಡಿನ ಶಿಲಾಶಾಸನಗಳು ಇದಕ್ಕೆ ಒಂದು ಹಳೆಯ ಸೂಚನೆಯನ್ನು ಕೊಡುವುವು. ಅರಸರು ಮಾತ್ರವಲ್ಲದೆ ಮಂತ್ರಿಗಳು, ವರ್ತಕರು, ಸ್ತ್ರೀಯರು ಸಹ ಕೆರೆಗಳನ್ನು ಕಟ್ಟಿಸಿದರೆಂದೂ, ಅವುಗಳ ದುರಸ್ತಿಗೆ ಭೂಮಿಯನ್ನು ಬಿಟ್ಟರೆಂದೂ ಅವು ಸಾರುತ್ತವೆ. ಅಗ್ರಹಾರವೂ ಒಂದು ಅರ್ಥದಲ್ಲಿ ಇಂದಿನ ಸಮುಚ್ಚಯದಂತೆಯೇ ಎಲ್ಲೆ ಕಟ್ಟಿಕೊಂಡ, ಹೊರಗಿನವರನ್ನು ಹೊರಗೇ ಇಟ್ಟ ಸುಖದ ನೆಲೆಯಾಗಿತ್ತು. ಆ ಪ್ರತ್ಯೇಕತೆಯು ಅನುಕರಣೆಗೆ ಯೋಗ್ಯವಲ್ಲ. ಆದರೆ ದತ್ತಿಯನ್ನುಂಡವನು ಅದಕ್ಕೆ ಪ್ರತಿಯಾಗಿ ವಿದ್ಯೆಯನ್ನು ನಡೆಸಬೇಕೆಂಬ ಕಟ್ಟಳೆಯಾದರೂ ಅಲ್ಲಿತ್ತು. ಇಂದಿನ ಸಮುಚ್ಚಯವು ಅಗ್ರಹಾರದ ಗೋಡೆಯನ್ನು ಉಳಿಸಿಕೊಂಡು ಕಟ್ಟಳೆಯನ್ನು ಕೈಬಿಟ್ಟಿದೆ.

ಬಸವಣ್ಣನವರ ಕಾಲದ ಶರಣರು ದಾನಕ್ಕೂ ದಾಸೋಹಕ್ಕೂ ಭೇದವನ್ನು ಕಂಡರು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುವನು. ದಾಸೋಹದಲ್ಲಿ ತನ್ನದಲ್ಲದುದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವನು. ಬಡಾವಣೆಯ ಋಣವನ್ನು ತೀರಿಸುವುದಕ್ಕೆ ಈ ಎರಡನೆಯ ಭಾವವೇ ತಕ್ಕುದು. ಹಬ್ಬದ ದಿನ ಹಳೆಯ ಬಟ್ಟೆಯನ್ನು ಹಂಚಿ ಭಾವಚಿತ್ರವನ್ನು ತೆಗೆಸಿಕೊಳ್ಳುವುದರಿಂದ ಅದು ತೀರದು.

ಆ ಸಲ್ಲಿಕೆಯು ಅತಿಮಾನುಷವಾದುದೇನೂ ಅಲ್ಲ. ತನ್ನ ಮನೆಗೆ ಬರುವ ನೀರು ಯಾವ ಬಾವಿಯದೆಂದು ವಿಚಾರಿಸುವುದು. ೨೦೦೯ರಿಂದ ಕಾನೂನೇ ಕಡ್ಡಾಯಮಾಡಿರುವ ಮಳೆನೀರಿನ ಸಂಗ್ರಹವನ್ನು ಕಾಗದದ ಮೇಲಲ್ಲದೆ ನೆಲದಲ್ಲಿ ನಡೆಸಿ, ಎಳೆದಷ್ಟನ್ನು ಇಂಗಿಸಲು ಯತ್ನಿಸುವುದು. ಕೆಲಸದವಳಿಗೆ ವಾರದ ಬಿಡುವನ್ನೂ ಕಾಯಿಲೆಯ ದಿನದ ಸಂಬಳವನ್ನೂ ಉಪಕಾರವೆನ್ನದೆ ಹಕ್ಕೆಂದು ಕೊಡುವುದು. ಎಲ್ಲಕ್ಕಿಂತ ಮೇಲಾಗಿ, ದ್ವಾರದ ಹೊರಗಿನ ಚರಂಡಿ, ಕೆರೆ, ಸರ್ಕಾರಿ ಶಾಲೆಗಳ ವಿಷಯದಲ್ಲಿ ದೂರುವವರ ಸಾಲಿಗೆ ಹಿಂದಿರುಗಿ, ಅರ್ಜಿ ಬರೆಯಬಲ್ಲ ತನ್ನ ಕೈಯನ್ನು ಬರೆಯಲಾರದವನ ಪಕ್ಕದಲ್ಲಿಡುವುದು. ಟ್ಯಾಂಕರನ್ನು ಕರೆಸುವುದು ಅನಿವಾರ್ಯವಾದ ದಿನವೂ ನಲ್ಲಿಗಾಗಿ ಕೇಳುವುದನ್ನು ಬಿಡದಿರಬೇಕು. ಪರಿಹಾರವನ್ನು ಕೊಂಡುಕೊಂಡವನು ಪ್ರಶ್ನೆಯನ್ನು ಮಾರಿಕೊಳ್ಳಬಾರದು.

'ಇಷ್ಟರಿಂದ ಲೋಕವು ಸರಿಹೋಗುವುದೆ?' ಎಂದರೆ ಹೋಗದು. ಕಾರ್ಖಾನೆಯ ಕೂಲಿ, ನೆಲದ ಬೆಲೆ, ನದಿಯ ಅಳಿವು ಇವು ಒಂದು ಮನೆಯ ಸದ್ಗುಣಕ್ಕೆ ಬಗ್ಗುವ ವಿಷಯಗಳಲ್ಲ; ರಾಜ್ಯದ ನೀತಿಯೇ ಬದಲಾಗಬೇಕಾದ ವಿಷಯಗಳು. ಆದರೆ ನೀತಿಯನ್ನು ಬದಲಿಸುವವರು ಎಲ್ಲಿಂದಲೋ ಬರುವವರಲ್ಲ. ಹೊರಗಿನ ಊರು ತನ್ನದೆಂದು ತಿಳಿದವನು ಮಾತ್ರ ಅದಕ್ಕಾಗಿ ಬಾಯಿ ತೆರೆಯುವನು.

ಕನ್ನಡದಲ್ಲಿ 'ನೆರೆ'ಯೆಂಬುದಕ್ಕೆ ಪಕ್ಕದ ಮನೆಯೆಂದೂ ಅರ್ಥ, ಉಕ್ಕಿ ಬರುವ ಪ್ರವಾಹವೆಂದೂ ಅರ್ಥ. ಮಳೆಗಾಲದಲ್ಲಿ ರಾಜಕಾಲುವೆಯು ತುಂಬಿ ಹರಿದಾಗ ಅದು ಓಣಿಯ ಮನೆಗೂ ನುಗ್ಗುವುದು, ಗೋಡೆಯ ಒಳಗಿನ ವಾಹನಶಾಲೆಗೂ ಇಳಿಯುವುದು. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಅತ್ಯಂತ ಬೆಲೆಯುಳ್ಳ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಕರೆತಂದುದನ್ನು ಲೋಕವೇ ನೋಡಿತು. ಆ ವಾರದಲ್ಲಿ ಎರಡು ಊರುಗಳೂ ಒಂದೇ ಆಗಿದ್ದುವು. ನೀರು ಇಳಿದ ಮೇಲೆಯೂ ಅದನ್ನು ನೆನಪಿನಲ್ಲಿಟ್ಟುಕೊಂಡು ಬಾಳುವ ಗೃಹಸ್ಥರು ನಾಗಸಂದ್ರದಲ್ಲಿಯೂ ಹೆಚ್ಚಿದರೆ, ರಾತ್ರಿ ಮರಳಿ ಮಲಗುವ ಆ ಸ್ಥಳವು ಕ್ರಮೇಣ ಅವರ ಊರಾಗುವುದು.